ಬಾಯಿಬಟ್ಟೆ

ಹರಿಹರಕ್ಕೆ ಕುಡಿಕೆ ಬಂದ ಮೇಲೆ ಬಾಣಂತಿಯನ್ನು ನೋಡಲು ಹೋದವರು ಕೇಳುವ ಮೊದಲ ಪ್ರಶ್ನೆಯೇ ಬದಲಾಯಿತು. ಹಿಂದೆಲ್ಲ ‘ಹಾಲು ಇಳೀತಾ?’ ಎನ್ನುತ್ತಿದ್ದರು. ಈಗ ‘ಕುಡಿಕಿ ಹತ್ತಿತಾ?’ ಎನ್ನುತ್ತಾರೆ.

ಕುಡಿಕೆಯೆಂದರೆ ಒಂದು ಅಂಗೈಯಲ್ಲಿ ಹಿಡಿಯುವಷ್ಟು ಗಾಜಿನ ಪಾತ್ರೆ. ಹೆರಿಗೆಯಾದ ಮೂರು ದಿನದೊಳಗೆ ತಾಯಿಯ ಮೊದಲ ಹಳದಿ ಹಾಲನ್ನು ಎರಡು ಚಮಚ ತೆಗೆದುಕೊಳ್ಳುತ್ತಾರೆ. ಆ ಹಾಲಿನ ಜೊತೆಗೆ ಎದೆಯ ಜೀವಕೋಶಗಳೂ ಒಂದಿಷ್ಟು ಬಂದಿರುತ್ತವೆ. ಅವನ್ನು ಆರಿಸಿ, ಕೂದಲಿಗಿಂತ ಸಣ್ಣ ಕೊಳವೆಗಳ ಮೇಲೆ ಕೂರಿಸಿ, ಮೈಬಿಸಿಯಷ್ಟೇ ಶಾಖ ಕೊಟ್ಟು ಸಾಕಿದರೆ ತಿಂಗಳೊಳಗೆ ಅವು ಹಾಲು ಕೊಡಲು ಶುರು ಮಾಡುತ್ತವೆ. ಡಬ್ಬಿಯ ಪುಡಿಯಲ್ಲ, ಹಸುವಿನದಲ್ಲ, ಬೇರೆ ಹೆಂಗಸಿನದೂ ಅಲ್ಲ. ಹೆತ್ತವಳದೇ ಹಾಲು. ಅವಳು ಮಾತ್ರ ಅಲ್ಲಿರಬೇಕಾಗಿಲ್ಲ.

ಬಸ್ ನಿಲ್ದಾಣದ ಹಿಂದಿನ ತಾಯಿಹಾಲು ಕೇಂದ್ರದಲ್ಲಿ ಇಂಥ ನೂರ ನಲವತ್ತು ಕುಡಿಕೆಗಳಿದ್ದವು. ಒಂದೊಂದರ ಮೇಲೂ ಒಬ್ಬೊಬ್ಬ ತಾಯಿಯ ಹೆಸರು. ಅವುಗಳನ್ನು ನೋಡಿಕೊಳ್ಳುವ ಹೊಣೆ ಸರ್ವಮಂಗಳಳದು. ಅವಳಿಗೆ ನಲವತ್ತೆಂಟು ವಯಸ್ಸು. ಬೆಳಿಗ್ಗೆ ಬಂದವಳೇ ಸಾಲಿನ ಉದ್ದಕ್ಕೂ ನಡೆದು ಹೆಸರುಗಳನ್ನು ಓದಿಕೊಳ್ಳುತ್ತಿದ್ದಳು. ಓದಬೇಕೆಂಬ ನಿಯಮವೇನೂ ಇರಲಿಲ್ಲ. ಗಾಜಿನೊಳಗೆ ಒಬ್ಬೊಬ್ಬಳ ಎದೆಯ ಒಂದು ಚೂರು ಜೀವ ಹಿಡಿದು ಕುಳಿತಿದೆ ಎನ್ನುವುದು ಅವಳಿಗೆ ಮೂರು ವರ್ಷವಾದರೂ ಹಳತಾಗಿರಲಿಲ್ಲ.

ಅವಳಿಗೆ ಕುಡಿಕೆಯ ಮೇಲೆ ನಂಬಿಕೆಯಿತ್ತು. ಅದಕ್ಕೆ ಕಾರಣವೂ ಇತ್ತು. ತನ್ನ ಮಗಳು ಹುಟ್ಟಿದ ಎಂಟನೇ ದಿನ ಅವಳ ಅತ್ತೆ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡಿ, “ಇದೇನು, ಅಕ್ಕಿ ತೊಳೆದ ಅಕ್ಕಚ್ಚು ಇದ್ದಂಗೈತಿ” ಎಂದಿದ್ದಳು. ಡಾಕ್ಟರು ಒಂದು ಡಬ್ಬಿಯ ಹೆಸರು ಬರೆದುಕೊಟ್ಟರು. ಡಬ್ಬಿಯ ಮೇಲೆ ಗುಂಡಗಿನ ಮಗುವಿನ ಚಿತ್ರವಿತ್ತು. ಎದೆ ಕಟ್ಟಿಕೊಂಡು ಜ್ವರ ಬಂದು ಸರ್ವಮಂಗಳ ಗೋಡೆಯ ಕಡೆ ತಿರುಗಿ ಮಲಗಿದ್ದಾಗ, ಅಡುಗೆಮನೆಯಲ್ಲಿ ಅತ್ತೆ ಪುಡಿ ಕಲಸುವ ಸದ್ದು ಕೇಳುತ್ತಿತ್ತು. ನಿನ್ನ ಹಾಲು ಸಾಲದು ಎಂದು ಯಾರೂ ಯಾವ ಹೆಂಗಸಿಗೂ ಹೇಳಲಾಗದ ಕಾಲ ಬರಲಿ ಎಂದು ಆಗ ಅನ್ನಿಸಿತ್ತು. ಕುಡಿಕೆ ಬಂದಾಗ ಆ ಕಾಲ ಬಂತೆಂದೇ ಅವಳು ತಿಳಿದಳು.

ನೇತ್ರಾವತಿ ಬಂದಾಗ ಕೂಸಿಗೆ ಎರಡು ದಿನ. ಹೆದ್ದಾರಿಯ ಪಕ್ಕದ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಹುಡುಗಿ. ಜೊತೆಗೆ ಅವಳ ಅತ್ತೆ ಕೊಟ್ರಮ್ಮ ಕೂಸನ್ನು ಎತ್ತಿಕೊಂಡು ಬಂದಿದ್ದಳು. ಗಂಡ ಲಾರಿಯ ಮೇಲೆ ಹೋದರೆ ಬರುವುದು ಹದಿನೈದು ದಿನಕ್ಕೊಮ್ಮೆ. ಕಾರ್ಖಾನೆಯಲ್ಲಿ, ಕುಡಿಕೆಗೆ ಹೆಸರು ಬರೆಸಿದವರಿಗೆ ಆರನೇ ವಾರಕ್ಕೆ ಮತ್ತೆ ಅದೇ ಹೊಲಿಗೆ ಯಂತ್ರ, ಅದೇ ಸಾಲು. ಬರೆಸದವರು ಆರು ತಿಂಗಳು ಮನೆಯಲ್ಲಿರಬಹುದು, ಆದರೆ ತಿರುಗಿ ಬಂದಾಗ ಎಲ್ಲಿ ಜಾಗವಿದೆಯೋ ಅಲ್ಲಿ. ಕಾರ್ಖಾನೆಯವರು ಒತ್ತಾಯವನ್ನೇನೂ ಮಾಡಿರಲಿಲ್ಲ.

“ನನ್ನ ಎದಿ ಹಾಲೂ ಅದೂ ಒಂದೇನ್ರಿ?” ಎಂದು ನೇತ್ರಾ ಕೇಳಿದಳು.

“ಒಂದೇ ಕಣವ್ವ.”

“ಅಲ್ರಿ, ಇವಳು ಕುಡಿಯುವಾಗ ಒಂಥರಾ ನನ್ನ ಮಾರಿ ನೋಡ್ತಾಳೆ. ಅದಕ್ಕೆ ಕೇಳ್ದೆ.”

ಸರ್ವಮಂಗಳ ನಕ್ಕಳು. “ಬಾಟ್ಲಿ ಹಿಡಿದವರ ಮುಖಾನೂ ನೋಡ್ತಾಳೆ ಬಿಡು. ರಾತ್ರಿ ಒಂದು ಹೊತ್ತು ನೀನೇ ಕೊಡು.” ಹಾಗೆ ಹೇಳಬೇಕೆಂದು ಕೇಂದ್ರದ ಕರಪತ್ರದಲ್ಲಿತ್ತು. ಹೇಳಿದಳು, ಮುಂದಿನ ಹಾಳೆ ತಿರುವಿದಳು.

“ಹೋಗ್ಲಿ ಬಿಡವ್ವ,” ಎಂದಳು ಕೊಟ್ರಮ್ಮ ಸೊಸೆಗೆ. “ನಾನೇನು ಸತ್ತೀನಾ? ನೋಡ್ಕಂತೀನಿ.”

ಕುಡಿಕೆಗೆ ಒಂದು ಕೊರತೆಯಿತ್ತು. ಕೂಸು ಎದೆಗೆ ಬಾಯಿ ಹಾಕಿದಾಗ ಹಾಲು ಈಚೆಗೆ ಬರುವಂತೆ ಕೂಸಿನ ಜೊಲ್ಲೂ ಒಂದಿಷ್ಟು ಒಳಗೆ ಹೋಗುತ್ತದೆ. ಕೂಸಿಗೆ ಯಾವ ರೋಗದ ಸೋಂಕು ತಗುಲಿದೆಯೆಂದು ತಾಯಿಯ ಮೈ ಅದರಿಂದ ತಿಳಿದುಕೊಂಡು, ಅದಕ್ಕೆ ತಕ್ಕ ಮದ್ದನ್ನು ತಾನೇ ಹಾಲಿನಲ್ಲಿ ಬೆರೆಸಿ ಕಳಿಸುತ್ತದೆ. ಗಾಜಿಗೆ ಯಾರ ಜೊಲ್ಲು ಸೋಕಬೇಕು? ಅದಕ್ಕಾಗಿ ಮಾಡಿದ್ದು ಬಾಯಿಬಟ್ಟೆ. ಭಾನುವಾರ ಬಿಟ್ಟು ದಿನವೂ ಸಂಜೆ ಮನೆಯವರು ಕೂಸಿನ ಬಾಯಿ ಒರೆಸಿದ ಬಟ್ಟೆಯ ತುಂಡನ್ನು ತಂದು ಕೊಡಬೇಕು. ಕೇಂದ್ರದ ಯಂತ್ರ ಅದನ್ನು ಓದಿ, ಕುಡಿಕೆಯ ಪಕ್ಕದಲ್ಲಿ ಸಾಕಿದ್ದ ತಾಯಿಯ ರಕ್ತಕಣಗಳಿಗೆ ಸುದ್ದಿ ಮುಟ್ಟಿಸುತ್ತಿತ್ತು. ರೋಗಾಣು ಸಿಕ್ಕರೆ ಪರದೆಯಲ್ಲಿ ತಾಯಿಯ ಹೆಸರು ಕೆಂಪಾಗುತ್ತಿತ್ತು, ಮರುದಿನದ ಹಾಲಿನಲ್ಲಿ ಮದ್ದಿರುತ್ತಿತ್ತು. ಸಿಗದಿದ್ದರೆ ಹಸಿರು.

ನೇತ್ರಾ ಕೆಲಸಕ್ಕೆ ಹೋಗತೊಡಗಿದ ಮೇಲೆ ಕೊಟ್ರಮ್ಮ ಮೊದಲ ಐದು ದಿನ ಬಟ್ಟೆಯನ್ನು ಇದ್ದ ಹಾಗೇ ತಂದಳು. ಐದನೆಯ ದಿನ ಸಾಲಿನಲ್ಲಿ ಹಿಂದೆ ನಿಂತಿದ್ದ ಗುತ್ಯಮ್ಮ, ಯಾರನ್ನೂ ಬಿಡದ ಬಾಯಿಯವಳು, ಇಣುಕಿ ನೋಡಿ ಹೇಳಿದಳು: “ಏನ್ ಕೊಟ್ರಮ್ಮಕ್ಕ, ಎಂಜಲ ಬಟ್ಟಿ ತಾಂಬೂಲ ಕೊಟ್ಟಂಗೆ ಕೊಡ್ತೀಯಲ್ಲ ಮೇಡಮ್ಮಾರ ಕೈಗೆ.”

ಸಾಲು ನಕ್ಕಿತು. ಸರ್ವಮಂಗಳಳೂ ನಕ್ಕಳು. ಕೊಟ್ರಮ್ಮ ನಗಲಿಲ್ಲ. ನಲವತ್ತು ವರ್ಷ ಊರಿನ ದಾಸೋಹದಲ್ಲಿ ಎಲೆ ಹಾಕಿದವಳು. ಒಬ್ಬರ ಎಂಜಲು ಕೈ ಇನ್ನೊಬ್ಬರ ಲೋಟಕ್ಕೆ ತಾಗದಂತೆ ಕಾದವಳು.

ಮರುದಿನದಿಂದ ಕೊಟ್ರಮ್ಮನ ಬಟ್ಟೆ ಬೇರೆಯಾಯಿತು. ಬೆಳ್ಳಗೆ, ನಾಲ್ಕು ಮಡಿಕೆಯಾಗಿ, ಇಸ್ತ್ರಿ ಮಾಡಿದ ಹಾಗೆ. ನೋಡಿ ಸರ್ವಮಂಗಳಳಿಗೆ ಸಂತೋಷವಾಯಿತು. ಆ ದಿನ ಬೇರೆಯವರ ಬಟ್ಟೆಗಳು ಕಾಡಿಗೆ, ಹರಳೆಣ್ಣೆ, ಬಜೆ ಮೆತ್ತಿಕೊಂಡು ಬಂದು ಯಂತ್ರದ ಬಾಯಿ ಕಟ್ಟಿಸಿದ್ದವು. “ನೋಡ್ರಿ,” ಎಂದು ಅದನ್ನು ಎತ್ತಿ ಹಿಡಿದಳು. “ಹಿಂಗೆ ಚೊಕ್ಕ ಇರ್ಬೇಕು. ಕೊಟ್ರಮ್ಮನ್ನ ನೋಡಿ ಕಲೀರಿ.”

ಕೊಟ್ರಮ್ಮ ಸೆರಗು ಸರಿ ಮಾಡಿಕೊಂಡು ಗುತ್ಯಮ್ಮನ ಕಡೆ ಒಂದು ಸಲ ನೋಡಿದಳು.

ಕರಪತ್ರದಲ್ಲಿ ‘ಸ್ವಚ್ಛವಾದ ಬಟ್ಟೆಯಿಂದ ಒರೆಸಿ ತನ್ನಿ’ ಎಂದಿತ್ತು. ಒರೆಸಿದ ಮೇಲೆ ತೊಳೆಯಬೇಡಿ ಎಂದಿರಲಿಲ್ಲ. ಹಾಗೆ ತೊಳೆಯುವವರು ಇರಬಹುದೆಂದು ಬರೆದವರಿಗೆ ಹೊಳೆದಿರಲಿಲ್ಲ.

ನೇತ್ರಾ ಕೆಲಸಕ್ಕೆ ಹೋದ ಮೊದಲ ವಾರ ಯಂತ್ರದ ಮುಂದೆ ಕೂತಲ್ಲೇ ಕುಪ್ಪಸ ತೊಯ್ಯುತ್ತಿತ್ತು. ಒಳಗೆ ಬಟ್ಟೆ ಬಿಗಿದುಕೊಂಡು ಹೊಲಿದಳು. ರಾತ್ರಿ ಕೂಸಿಗೆ ಎದೆ ಕೊಡಲು ಹೋದರೆ ಅದು ಎರಡು ಸಲ ಚೀಪಿ, ಬಾಟಲಿಯಷ್ಟು ಸಲೀಸಾಗಿ ಬಾರದ್ದಕ್ಕೆ ಸಿಟ್ಟಾಗಿ ಮುಖ ತಿರುಗಿಸಿ ಅಳುತ್ತಿತ್ತು. ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಅವಳ ಎದೆ ಬತ್ತಿತು. ಕೂಸಿಗೆ ದಾಕ್ಷಾಯಣಿ ಎಂದು ಹೆಸರಿಟ್ಟು, ದಾಕ್ಷಿ ಎಂದು ಕರೆದರು. ಕುಡಿಕೆಯ ಹಾಲಿಗೆ ಅದರ ತೊಡೆಗಳು ಮಡಿಕೆ ಮಡಿಕೆಯಾಗಿದ್ದವು.

ಪುಷ್ಯಮಾಸದ ಚಳಿಯಲ್ಲಿ ಊರಿಗೆ ಒಂದು ಕೆಮ್ಮು ಬಂತು. ಪರದೆಯ ಮೇಲೆ ದಿನಕ್ಕೆ ಹತ್ತು ಹದಿನೈದು ಹೆಸರು ಕೆಂಪಾದವು. ಮದ್ದು ಬೆರೆತ ಹಾಲು ಹೋಯಿತು. ನಾಲ್ಕೈದು ದಿನಕ್ಕೆ ಒಂದೊಂದಾಗಿ ಎಲ್ಲ ಹಸಿರಾದವು. ಸರ್ವಮಂಗಳಳಿಗೆ ತನ್ನ ಕೆಲಸದ ಮೇಲೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಆ ವಾರ ಕೊಟ್ರಮ್ಮ ಬಟ್ಟೆ ಕೊಡುತ್ತ ಹೇಳಿದಳು: “ಕೂಸಿಗೆ ನೆಗಡಿ ಆಗೇತ್ರಿ. ನಿನ್ನೆಯಿಂದ ಹಾಲು ಅಷ್ಟಕ್ಕಷ್ಟೆ.”

ಸರ್ವಮಂಗಳ ಪರದೆ ನೋಡಿದಳು. ನೇತ್ರಾವತಿ, ಹಸಿರು. “ಏನಿಲ್ಲ ಕೊಟ್ರಮ್ಮ. ಬಟ್ಟೇಲೇನೂ ಬಂದಿಲ್ಲ. ಸಾದಾ ನೆಗಡಿ, ಬೆಚ್ಚಗೆ ಇಡ್ರಿ.”

“ಹಂಗಾದ್ರೆ ಸರಿ ಬಿಡ್ರಿ.”

ಮೂರನೇ ದಿನ ಕೂಸಿನ ಪಕ್ಕೆ ಸೆಳೆಯತೊಡಗಿತು. ಆಸ್ಪತ್ರೆಗೆ ಒಯ್ದರು. ಐದನೇ ದಿನ ಮಧ್ಯಾಹ್ನ ದಾಕ್ಷಿ ತೀರಿಕೊಂಡಳು. ಅವಳಿಗೆ ನಾಲ್ಕು ತಿಂಗಳು ತುಂಬಿ ಎರಡು ದಿನವಾಗಿತ್ತು.

ಕೂಸು ಹೋದರೆ ಕುಡಿಕೆಯನ್ನು ಮುಚ್ಚಲು ತಾಯಿಯ ಸಹಿ ಬೇಕು. ಆ ಕಾಗದ ಹಿಡಿದುಕೊಂಡು ಒಂಬತ್ತನೇ ದಿನ ಸರ್ವಮಂಗಳ ಅವರ ಮನೆಗೆ ಹೋದಳು. ನೇತ್ರಾ ಗೋಡೆಗೆ ಒರಗಿ ಕೂತಿದ್ದಳು. ಕೊಟ್ರಮ್ಮ ಚಹಾ ಕೊಟ್ಟಳು.

“ಅದು ಇನ್ನೂ ನಡೀತತೇನ್ರಿ?” ಎಂದಳು ನೇತ್ರಾ.

“ಯಾವುದವ್ವ?”

“ನನ್ನ ಕುಡಿಕಿ.”

“ನಡೀತೈತಿ.”

“ದಿನಾ ಎಷ್ಟು ಕೊಡ್ತತಿ?”

“ಏಳ್ನೂರು ಮಿಲಿ.”

ನೇತ್ರಾ ತಲೆಯಾಡಿಸಿದಳು. “ಅದಕ್ಕೆ ಗೊತ್ತೇ ಆಗಿಲ್ಲ ನೋಡ್ರಿ, ಕೂಸಿಲ್ಲ ಅಂತ.” ಆಮೇಲೆ, “ನಾನು ಎದಿ ಬಿಡಿಸ್ಬಾರ್ದಿತ್ತು. ನಂದು ಕುಡಿದಿದ್ರೆ ಉಳೀತಿದ್ಲು. ಕಾಲರ್ ಹೊಲಿಯಾಕೆ ಹೋದೆ” ಎಂದಳು. ಎಷ್ಟೋ ಸಲ ಹೇಳಿಕೊಂಡು ಸವೆದ ಮಾತಿನ ಹಾಗೆ ಅದು ಬಂತು.

“ಏಳು ದಿನದಿಂದ ಇದೇ ರಾಗ ನೋಡ್ರಿ. ಒಂದು ತುತ್ತು ಉಣ್ಣವಲ್ಲಳು,” ಎಂದು ಕೊಟ್ರಮ್ಮ ಸೊಸೆಯ ಪಕ್ಕ ಕೂತಳು. “ನಿಂದೇನವ್ವ ತಪ್ಪು? ನಂದೇನು ತಪ್ಪು? ದೇವ್ರು ಕೊಟ್ಟ, ಕಿತ್ಕಂಡ. ನಾವು ಮಾಡಾದ್ರಲ್ಲಿ ಏನು ಕಮ್ಮಿ ಮಾಡೀವಿ? ಬೇಕಾದ್ರೆ ಮೇಡಮ್ಮಾರನ್ನ ಕೇಳು. ಆ ಮೊದ್ಲ ಐದು ದಿನ ಬಿಟ್ರೆ ಒಂದಿನ ಎಂಜಲ ಬಟ್ಟಿ ಒಯ್ದು ಕೊಟ್ಟಿಲ್ಲ ನಾನು. ಕೂಸಿನ ಬಾಯಿ ಒರೆಸಿ, ಸೋಪ್ ಹಚ್ಚಿ ತಿಕ್ಕಿ, ಬಿಸಿನೀರಾಗೆ ಜಾಲಿಸಿ, ಒಣಗಿಸಿ ಒಯ್ತಿದ್ದೆ. ಹೌದಲ್ರಿ?”

ಸರ್ವಮಂಗಳಳ ಕೈಯಲ್ಲಿದ್ದ ಲೋಟ ತುಟಿಯವರೆಗೆ ಬಂದು ಅಲ್ಲೇ ನಿಂತಿತು.

“ಹೌದು,” ಎಂದಳು.

ಕಾಗದವನ್ನು ಹೊರಗೆ ತೆಗೆಯದೆ ಎದ್ದು ಬಂದಳು.

ಕೇಂದ್ರದ ಪರದೆಗೆ ಎರಡನೆಯ ಪುಟವೊಂದಿತ್ತು. ರೋಗಾಣು ಮಾತ್ರವಲ್ಲ, ಬಟ್ಟೆಯಲ್ಲಿ ಸಿಕ್ಕ ಒಟ್ಟು ಜೀವಾಣು ಎಷ್ಟು ಎನ್ನುವ ಲೆಕ್ಕ ಅದರಲ್ಲಿರುತ್ತಿತ್ತು. ತರಬೇತಿಯಲ್ಲಿ ಒಮ್ಮೆ ತೋರಿಸಿದ್ದರು. ಹಸಿರು ಬಂದ ಮೇಲೆ ಅದನ್ನು ಯಾರು ತೆರೆಯುತ್ತಾರೆ? ಈಗ ತೆರೆದಳು. ಮೊದಲ ಐದು ದಿನ ಲಕ್ಷಗಟ್ಟಲೆ. ಆರನೆಯ ದಿನದಿಂದ ಸೊನ್ನೆ. ಕೆಳಗೆ ಸರಿಸಿದಳು. ಸೊನ್ನೆ, ಸೊನ್ನೆ, ನೆಗಡಿಯಾಗಿದೆ ಎಂದ ದಿನವೂ ಸೊನ್ನೆ. ಎಂಥ ಆರೋಗ್ಯವಂತ ಮಗುವಿನ ಬಾಯಿಯೂ ಖಾಲಿಯಿರುವುದಿಲ್ಲ. ಇದು ಓದಿದವರಿಗೆಲ್ಲ ಗೊತ್ತಿರುವ ಮಾತು. ಅವಳಿಗೂ ಗೊತ್ತಿತ್ತು. ಎರಡು ತಿಂಗಳಿಗೂ ಹೆಚ್ಚು ಕಾಲ ದಾಕ್ಷಿಯ ಕುಡಿಕೆಗೆ ದಾಕ್ಷಿ ಎಂಬುವಳೊಬ್ಬಳು ಇದ್ದಾಳೆ ಎನ್ನುವ ಸುದ್ದಿಯೇ ಮುಟ್ಟಿರಲಿಲ್ಲ.

ಪ್ರಧಾನ ಕಚೇರಿಯ ಡಾಕ್ಟರು ಪರದೆಯ ಮೇಲೆ ಬಂದು ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಮನುಷ್ಯ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದರು: “ಬಳಕೆದಾರರ ತಪ್ಪು ಅಂತ ವರದಿ ಕಳಿಸಿ. ಪತ್ರಿಕೆಗಳಿಗೂ ಕೊಡೋಣ, ಬೇರೆಯವರಿಗೆ ಎಚ್ಚರಿಕೆಯಾಗುತ್ತೆ. ಹೆಸರು ಹಾಕಲ್ಲ. ಊರು ಮಾತ್ರ.”

“ಈ ಊರಲ್ಲಿ ಊರು ಹಾಕಿದ್ರೆ ಹೆಸರು ಹಾಕಿದ ಹಾಗೇ ಸಾರ್.”

“ಮತ್ತೇನು ಮಾಡೋಣ ಹೇಳಿ.”

“ಹಸಿರು ತೋರಿಸಿದ್ದು ಯಂತ್ರ.”

“ಯಂತ್ರ ಕೇಳಿದ್ದಕ್ಕೆ ಉತ್ತರ ಕೊಟ್ಟಿದೆ ಸರ್ವಮಂಗಳ. ರೋಗಾಣು ಇದೆಯಾ ಅಂದ್ರೆ ಇಲ್ಲ ಅಂದಿದೆ.”

“ಬಟ್ಟೆ ಎತ್ತಿ ಹಿಡಿದು ಇದನ್ನ ನೋಡಿ ಕಲೀರಿ ಅಂದವಳು ನಾನು. ಅದನ್ನೂ ಬರೀತೀನಿ.”

ಡಾಕ್ಟರು ಕನ್ನಡಕ ಹಾಕಿಕೊಂಡರು. “ಎರಡು ದಿನ ಯೋಚನೆ ಮಾಡಿ,” ಎಂದು ಹೋದರು.

ಯೋಚನೆ ಮಾಡಲು ಸಮಯವೆಲ್ಲಿತ್ತು? ಅವಳು ನೂರ ನಲವತ್ತು ಹೆಸರುಗಳ ಎರಡನೆಯ ಪುಟವನ್ನೂ ತೆರೆದಿದ್ದಳು. ಇನ್ನೂ ಹನ್ನೊಂದು ಹೆಸರುಗಳ ಮುಂದೆ ಸೊನ್ನೆಗಳಿದ್ದವು. ಕೊಟ್ರಮ್ಮನನ್ನು ನೋಡಿ ಕಲಿತವರು.

ಅಂದು, ಮರುದಿನ, ಹನ್ನೊಂದು ಮನೆಗೂ ಹೋದಳು. ಬಟ್ಟೆ ತೊಳೆಯಬೇಡಿ ಎಂದಳು. ಎಲ್ಲರೂ ತಲೆಯಾಡಿಸಿದರು. ಮೂರನೆಯ ಸಂಜೆ ಏಳು ಹೆಸರುಗಳ ಮುಂದೆ ಅಂಕಿ ಬಂತು. ನಾಲ್ಕರ ಮುಂದೆ ಮತ್ತೆ ಸೊನ್ನೆ. ಕೇಳಿದರೆ ಒಬ್ಬ ಅಜ್ಜಿ, “ಸೋಪ್ ಹಚ್ಚಿಲ್ರಿ. ಬರೇ ಬಿಸಿನೀರಾಗೆ ಅದ್ದಿದ್ದು,” ಎಂದಳು. ಇನ್ನೊಬ್ಬಳು, “ಎಂಜಲು ನಿಮ್ಮ ಕೈಗೆ ಹೆಂಗೆ ಕೊಡಾನ್ರಿ? ಇಷ್ಟು ದಿನ ಇಲ್ಲದ್ದು ಈಗ್ಯಾಕೆ? ಏನಾತು?” ಎಂದಳು. ಏನಾಯಿತೆಂದು ಹೇಳದೆ ಅವರನ್ನು ಒಪ್ಪಿಸುವುದು ಸಾಧ್ಯವಿರಲಿಲ್ಲ. ಹೇಳಿದರೆ ಸಂಜೆಯೊಳಗೆ ಅದು ಕೊಟ್ರಮ್ಮನ ಬಾಗಿಲಿಗೆ ಬರುತ್ತಿತ್ತು, ಬೇರೆಯವರ ಬಾಯಿಂದ. ಸಾಲಿನಲ್ಲಿ ನಿಂತವರು ಅದನ್ನು ಹೇಗೆ ಹೇಳುತ್ತಾರೆಂದು ಸರ್ವಮಂಗಳಳಿಗೆ ಗೊತ್ತಿತ್ತು. ಅವಳು ಕೇಂದ್ರದ ಬಾಗಿಲು ಎಳೆದುಕೊಂಡು ಮತ್ತೆ ಆ ಮನೆಗೆ ನಡೆದಳು.

ಕೊಟ್ರಮ್ಮ ಹೊಸಿಲ ಬಳಿ ಕೂತು ಜೋಳ ಹಸನು ಮಾಡುತ್ತಿದ್ದಳು. ನೇತ್ರಾ ಒಳಗಿನ ಬಾಗಿಲಲ್ಲಿ ನಿಂತಿದ್ದಳು. ಸರ್ವಮಂಗಳ ನೆಲದ ಮೇಲೆ ಕೂತು ಹೇಳಿದಳು. ಕುಡಿಕೆಗೆ ಕಣ್ಣಿಲ್ಲ, ಬಾಯಿಬಟ್ಟೆಯೇ ಅದಕ್ಕೆ ಕಣ್ಣು ಎಂದಳು. ತಾನು ಪರದೆಯ ಬಣ್ಣವನ್ನು ನಂಬಿ ಇನ್ನೊಂದು ಪುಟ ತೆರೆಯಲಿಲ್ಲ ಎಂದಳು. ನೆಗಡಿ ಎಂದಾಗಲೂ ಕೂಸನ್ನು ನೋಡದೆ ಪರದೆಯನ್ನು ನೋಡಿದೆ, ತಪ್ಪು ನನ್ನದು ಎಂದಳು. ಸುತ್ತಿ ಬಳಸಿ ಹೇಳಿದರೂ ಮಾತು ಕೊನೆಗೆ ಹೋಗಬೇಕಾದಲ್ಲಿಗೇ ಹೋಯಿತು.

ಕೊಟ್ರಮ್ಮನ ಕೈ ಮೊರದಲ್ಲೇ ಇತ್ತು.

“ನಾನು ತೊಳೀದಿದ್ರೆ ಕೂಸು ಇರ್ತಿತ್ತಾ?”

“ಇರ್ತಿತ್ತು ಅಂತ ಹೇಳಕ್ಕಾಗಲ್ಲ ಕೊಟ್ರಮ್ಮ. ಇರ್ತಿರಲಿಲ್ಲ ಅಂತಲೂ ಹೇಳಕ್ಕಾಗಲ್ಲ.”

“ಬ್ಯಾರೆ ಕೂಸುಗಳು ಉಳಿದ್ವಲ್ಲ.”

“ಉಳಿದ್ವು.”

ಮುದುಕಿ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಅಳಲಿಲ್ಲ. ಅವಳ ಮುಖದಲ್ಲಿ ಏನೋ ಒಂದು ಕೆಳಗಿಳಿಯುತ್ತ ಹೋಯಿತು. ಅದನ್ನು ನೋಡಲಾರದೆ ಸರ್ವಮಂಗಳ ಜೋಳದ ಕಡೆ ನೋಡಿದಳು.

ನೇತ್ರಾ ಬಾಗಿಲಿನಿಂದ ಬಂದು ಅತ್ತೆಯ ಪಕ್ಕ ಕೂತಳು. ಹತ್ತು ಹನ್ನೆರಡು ದಿನಗಳಿಂದ ಹೊತ್ತಿದ್ದ ಒಂದು ಹೊರೆ ಈಗ ಅವಳ ತಲೆಯಿಂದ ಇಳಿದಿತ್ತು. ಇಳಿದದ್ದು ಎಲ್ಲಿಗೆ ಹೋಯಿತೆಂದು ಅವಳಿಗೆ ಕಾಣುತ್ತಿತ್ತು.

“ನೀನೊಬ್ಬಳೇ ತೊಳೆದೇನತ್ತೆ?” ಎಂದಳು. “ಭಾನುವಾರ ನಾನು ಮನ್ಯಾಗಿದ್ದಾಗ ನಾನೇ ತೊಳೆದು ಕೊಟ್ಟಿಲ್ಲೇನು? ನಿನಗಿಂತ ಜಾಸ್ತಿ ಸೋಪ್ ಹಚ್ಚಿದ್ದೆ.”

ಭಾನುವಾರ ಕೇಂದ್ರದಲ್ಲಿ ಬಟ್ಟೆ ತೆಗೆದುಕೊಳ್ಳುವುದಿಲ್ಲ. ಅದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಕೊಟ್ರಮ್ಮ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊರವನ್ನು ಪಕ್ಕಕ್ಕಿಟ್ಟು, “ಹೂಂ, ನೀನೂ ತೊಳೆದಿದ್ದೆ,” ಎಂದಳು.

“ಇನ್ನೂ ಎಷ್ಟು ಮಂದಿ ತೊಳೀತಾರೆ?” ಎಂದು ಕೇಳಿದವಳು ಕೊಟ್ರಮ್ಮನೇ.

“ನಾಲ್ಕು. ನಾನು ಹೇಳಿದ್ರೆ ಕೇಳ್ತಿಲ್ಲ.”

“ನಿಮ್ಮ ಮಾತು ಹೆಂಗೆ ಕೇಳ್ತಾರ್ರಿ? ನಿಮಗೇ ನಾಚ್ಕಂಡು ತೊಳೀತಿರಾದು.”

ಮರುದಿನ ಸಂಜೆ ಬಟ್ಟೆ ಕೊಡುವ ಹೊತ್ತಿಗೆ ಕೊಟ್ರಮ್ಮ ಬಂದಳು. ಗುತ್ಯಮ್ಮ ಸರಿದು ದಾರಿ ಬಿಟ್ಟಳು. ಕೊಟ್ರಮ್ಮ ಕಿಟಕಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ನಿಂತಳು.

“ನಮ್ಮ ಕೂಸಿನ ಬಟ್ಟಿ ನಾನು ತೊಳೆದು ತರ್ತಿದ್ದೆ,” ಎಂದಳು. “ಎಂಜಲು ಅಂತ. ಕೂಸಿನ ಬಾಯಾಗಿನ ಸುದ್ದಿ ಎಲ್ಲ ನೀರಿಗೆ ಹೋತು. ನೀವು ತೊಳೀಬ್ಯಾಡ್ರಿ. ಇಷ್ಟೇ.” ಆಮೇಲೆ ಮೊದಲು ನಿಂತಿದ್ದವಳ ಕಡೆ ಕೈ ಚಾಚಿದಳು. “ತಾ ಇಲ್ಲಿ, ನೋಡಾನ.”

ಅವಳು ಬಟ್ಟೆ ಕೊಟ್ಟಳು. ಕೊಟ್ರಮ್ಮ ಅದನ್ನು ಮೂಗಿಗೆ ಹಿಡಿದು ಮೂಸಿ, ಸರಿಯಿದೆಯೆಂದು ಕಿಟಕಿಯೊಳಗೆ ದಾಟಿಸಿದಳು. ಎರಡನೆಯದು, ಮೂರನೆಯದು. ನಾಲ್ಕನೆಯದನ್ನು ಮೂಸಿ ತಿರುಗಿ ಕೊಟ್ಟಳು. “ಇದ್ರಾಗೆ ಸೋಪಿನ ವಾಸ್ನಿ ಬಿಟ್ರೆ ಏನಿಲ್ಲ. ಮನಿಗೆ ಹೋಗಿ ಒರೆಸ್ಕಂಡು ಬಾ.” ಅದನ್ನು ತಂದಿದ್ದ ಅಜ್ಜಿ ಮನೆಗೆ ಹೋದಳು, ಅರ್ಧ ಗಂಟೆಯಲ್ಲಿ ಬೇರೆ ಬಟ್ಟೆ ತಂದಳು.

ಒಳಗೆ ಕೂತು ಸರ್ವಮಂಗಳ ಬಟ್ಟೆಗಳನ್ನು ತೆಗೆದುಕೊಂಡು ಹೆಸರು ಬರೆಯುತ್ತಿದ್ದಳು. ಇಪ್ಪತ್ತು, ಮೂವತ್ತು. ನಡುವೆ ಒಂದು ಬಟ್ಟೆ ಬರಲು ತಡವಾಯಿತು. ತಲೆಯೆತ್ತಿದಳು. ಕೊಟ್ರಮ್ಮ ಬಟ್ಟೆಯನ್ನು ಮುಖಕ್ಕೆ ಹಿಡಿದೇ ನಿಂತಿದ್ದಳು. ಒಡೆದ ಹಾಲಿನ, ಕೂಸಿನ ಜೊಲ್ಲಿನ ಹುಳಿವಾಸನೆ ಕಿಟಕಿಯವರೆಗೂ ಬರುತ್ತಿತ್ತು. ಅವಳ ಕಣ್ಣು ಮುಚ್ಚಿದ್ದವು. ಸಾಲು ಕಾದು ನಿಂತಿತು.

ಬಟ್ಟೆ ತಂದವಳು ಸಣ್ಣ ವಯಸ್ಸಿನ ಹುಡುಗಿ, ದೂರದ ಹಳ್ಳಿಯಿಂದ ಬರುವವಳು. ಅವಳಿಗೆ ಏನೂ ಗೊತ್ತಿರಲಿಲ್ಲ.

“ಬೇಗ ನೋಡ್ರಿ ಅಜ್ಜಿ,” ಎಂದಳು. “ನಮ್ಮ ಬಸ್ ಹೊಂಡ್ತತಿ. ಕೂಸು ಹಸ್ಕಂಡಿರ್ತತಿ.”